ಎರಡು ವಿಲ್ಯಾನ್‌ಗಳ ನಡುವೆ: ಬ್ರಿಡ್ಜೋ, ರೂಟೋ?

ರೂಟರ್‌ನ ಸೆಟ್ಟಿಂಗ್ಸ್ ತೆರೆದರೆ ಬ್ರಿಡ್ಜ್, ರೂಟ್ ಎರಡೂ ಅಕ್ಕಪಕ್ಕದಲ್ಲೇ ಕಾಣುತ್ತವೆ. ಎರಡೂ ಜೋಡಿಸುವ ಕೆಲಸಗಳೇ ಆದ್ದರಿಂದ ಯಾವುದನ್ನು ಒತ್ತಿದರೂ ನಡೆದೀತು ಅನ್ನಿಸುವುದು ಸಹಜ. ಕಚೇರಿಯಲ್ಲಿ ಲೆಕ್ಕಪತ್ರ ವಿಭಾಗಕ್ಕೆ ಒಂದು ವಿಲ್ಯಾನ್ (ಸ್ವಿಚ್‌ನೊಳಗೇ ಬೇರ್ಪಡಿಸಿದ ಜಾಲ), ಉಳಿದ ಸಿಬ್ಬಂದಿಗೆ ಒಂದು, ಸಿಸಿಟಿವಿ ಕ್ಯಾಮೆರಾಗಳಿಗೆ ಒಂದು ಎಂದು ಚೊಕ್ಕಟವಾಗಿ ವಿಂಗಡಿಸಿರುತ್ತಾರೆ. ಮಾರನೆಯ ದಿನವೇ ಯಾರೋ ಬಂದು ‘ನನ್ನ ಲ್ಯಾಪ್‌ಟಾಪಿಗೆ ಪ್ರಿಂಟರ್ ಕಾಣ್ತಿಲ್ಲ’ ಎನ್ನುತ್ತಾರೆ. ಅವಸರದಲ್ಲಿದ್ದವರು ಎರಡು ವಿಲ್ಯಾನ್‌ಗಳನ್ನೂ ಒಂದೇ ಬ್ರಿಡ್ಜ್‌ಗೆ ಸೇರಿಸಿಬಿಡುತ್ತಾರೆ. ಪ್ರಿಂಟರ್ ಕಾಣುತ್ತದೆ, ದೂರು ನಿಲ್ಲುತ್ತದೆ, ವಿಂಗಡಣೆಯೂ ಅಲ್ಲಿಗೇ ಮುಗಿಯುತ್ತದೆ.

ಈ ಗೊಂದಲ ಇವತ್ತಿನದಲ್ಲ. ಸಿಸ್ಕೊ ತನ್ನದೊಂದು ರೀತಿಯಲ್ಲಿ, ಲಿನಕ್ಸ್ ಇನ್ನೊಂದು ರೀತಿಯಲ್ಲಿ, ಮೈಕ್ರೊಟಿಕ್ ಮತ್ತೊಂದು ರೀತಿಯಲ್ಲಿ ಇದಕ್ಕೆ ಉತ್ತರ ಕೊಟ್ಟಿವೆ. ಹೆಸರುಗಳು ಬೇರೆ, ಒಳಗಿನ ಹೂರಣ ಒಂದೇ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಬ್ರಿಡ್ಜ್ ಇರಬೇಕಾದ್ದು ಒಂದು ವಿಲ್ಯಾನ್‌ನ ಒಳಗೆ, ರೂಟಿಂಗ್ ಇರಬೇಕಾದ್ದು ಎರಡು ವಿಲ್ಯಾನ್‌ಗಳ ನಡುವೆ. ಅಪವಾದಗಳಿವೆ, ಬೆರಳೆಣಿಕೆಯಷ್ಟು. ಇಷ್ಟನ್ನು ಬಹಳ ಜನ ಒಪ್ಪುತ್ತಾರೆ. ಆದರೂ ಕಾನ್ಫಿಗರೇಶನ್ ಕೂರುವುದಿಲ್ಲ. ಯಾಕೆಂದರೆ ರೂಟರ್ ಬರೀ ದಾಟಿಸುವ ಪೆಟ್ಟಿಗೆಯಲ್ಲ, ತಾನೂ ಆ ವಿಲ್ಯಾನ್‌ನ ಒಬ್ಬ ಸದಸ್ಯ. ಆ ಸದಸ್ಯತ್ವವನ್ನು ಎಲ್ಲಿ, ಯಾವ ಹೆಸರಿನಲ್ಲಿ ಬರೆಯಬೇಕು ಎಂಬಲ್ಲಿ ಎಲ್ಲರೂ ಎಡವುತ್ತಾರೆ.

ಒಂದು ಪ್ಯಾಕೆಟ್ಟಿನ ಬೆನ್ನು ಹತ್ತಿ

ಲ್ಯಾಪ್‌ಟಾಪ್ 10ನೇ ವಿಲ್ಯಾನ್‌ನಲ್ಲಿದೆ, ಅದರ ವಿಳಾಸ 192.168.10.25. ಪ್ರಿಂಟರ್ 20ನೇ ವಿಲ್ಯಾನ್‌ನಲ್ಲಿ, 192.168.20.7. ಎರಡಕ್ಕೂ /24 ಮಾಸ್ಕ್. ಪ್ರಿಂಟ್ ಒತ್ತಿದ ಕೂಡಲೇ ಲ್ಯಾಪ್‌ಟಾಪ್ ತನ್ನ ಮಾಸ್ಕ್ ಇಟ್ಟು ಲೆಕ್ಕ ಹಾಕುತ್ತದೆ: ಪ್ರಿಂಟರ್ ನನ್ನ ಸಬ್‌ನೆಟ್‌ನಲ್ಲಿಲ್ಲ. ಹಾಗಾಗಿ ಅದು ಪ್ರಿಂಟರನ್ನು ಹುಡುಕಲು ಹೋಗುವುದೇ ಇಲ್ಲ. ಗೇಟ್‌ವೇ ಆದ 192.168.10.1ರ ಮ್ಯಾಕ್ ವಿಳಾಸ ಯಾವುದೆಂದು ಆರ್ಪ್ ಮೂಲಕ ಕೇಳುತ್ತದೆ. ಉತ್ತರ ಬಂದ ಮೇಲೆ ಈಥರ್ನೆಟ್ ಚೌಕಟ್ಟಿನ (ಫ್ರೇಮ್) ಹೊರಮೈಯಲ್ಲಿ ರೂಟರ್‌ನ ಮ್ಯಾಕ್, ಒಳಗಿನ ಐಪಿ ಭಾಗದಲ್ಲಿ ಪ್ರಿಂಟರ್‌ನ ವಿಳಾಸ ಬರೆದು ಕಳಿಸುತ್ತದೆ. ಸ್ವಿಚ್ ಅದನ್ನು ಹಲವು ವಿಲ್ಯಾನ್‌ಗಳನ್ನು ಹೊರುವ ಟ್ರಂಕ್ ಪೋರ್ಟಿನಿಂದ ಹೊರಗೆ ಬಿಡುವಾಗ 10 ಎಂಬ ಟ್ಯಾಗ್ ಅಂಟಿಸುತ್ತದೆ. ರೂಟರ್ ಟ್ಯಾಗ್ ಕಿತ್ತು, ಹೊರಚೌಕಟ್ಟನ್ನು ಎಸೆದು, ಟಿಟಿಎಲ್ (ಪ್ಯಾಕೆಟ್ಟಿನ ಆಯುಸ್ಸಿನ ಎಣಿಕೆ) 64 ಇದ್ದದ್ದನ್ನು 63ಕ್ಕಿಳಿಸಿ, ತನ್ನ ಮ್ಯಾಕ್ ಅನ್ನು ಕಳಿಸುವವರ ಜಾಗದಲ್ಲಿಟ್ಟು, 20ರ ಟ್ಯಾಗ್ ಹಾಕಿ ಅದೇ ಕೇಬಲ್ಲಿನಲ್ಲಿ ವಾಪಸ್ ಕಳಿಸುತ್ತದೆ. ಇದು ರೂಟಿಂಗ್.

ಬ್ರಿಡ್ಜ್ ಆಗಿದ್ದರೆ ಕಥೆ ಬೇರೆ. ಮೊದಲಿಗೆ ಇಬ್ಬರೂ ಒಂದೇ ಸಬ್‌ನೆಟ್‌ನಲ್ಲಿರಬೇಕು. ಲ್ಯಾಪ್‌ಟಾಪ್ ನೇರವಾಗಿ ಪ್ರಿಂಟರ್‌ನ ಮ್ಯಾಕ್ ಕೇಳುತ್ತದೆ, ಆ ಕೂಗು ಬ್ರಿಡ್ಜ್ ದಾಟಿ 20ನೇ ವಿಲ್ಯಾನ್‌ನ ಪ್ರತಿಯೊಂದು ಪೋರ್ಟಿಗೂ ಮುಟ್ಟುತ್ತದೆ. ಹೊರಚೌಕಟ್ಟು ಬದಲಾಗುವುದಿಲ್ಲ, ಟಿಟಿಎಲ್ ಇಳಿಯುವುದಿಲ್ಲ; 10ರ ಟ್ಯಾಗ್ ಹೋಗಿ 20ರ ಟ್ಯಾಗ್ ಬರುತ್ತದೆ, ಅಷ್ಟೆ. ಹಳೇ ಬೆಂಗಳೂರಿನ ವಠಾರದಲ್ಲಿ ನಲ್ಲಿಯ ಹತ್ತಿರ ನಿಂತು ಯಾರನ್ನು ಕೂಗಿದರೂ ಎಲ್ಲ ಮನೆಯವರೂ ಕೇಳಿಸಿಕೊಳ್ಳುತ್ತಿದ್ದರಲ್ಲ, ಬ್ರಾಡ್‌ಕಾಸ್ಟ್ ಡೊಮೇನ್ ಎಂದರೆ ಅದೇ. ವಿಲ್ಯಾನ್ ಹಾಕುವುದು ವಠಾರದ ನಡುವೆ ಗೋಡೆ ಎಬ್ಬಿಸಲಿಕ್ಕೆ. ಬ್ರಿಡ್ಜ್ ಮಾಡುವುದು ಆ ಗೋಡೆ ಒಡೆಯಲಿಕ್ಕೆ.

ಇಲ್ಲೊಂದು ವಿಚಿತ್ರ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಎರಡು ವಿಲ್ಯಾನ್‌ಗಳನ್ನು ಬ್ರಿಡ್ಜ್ ಮಾಡಿ, ಸಬ್‌ನೆಟ್‌ಗಳನ್ನು ಮಾತ್ರ ಬೇರೆಬೇರೆಯಾಗಿಯೇ ಉಳಿಸಿಕೊಂಡರೆ ಲ್ಯಾಪ್‌ಟಾಪ್ ಆಗಲೂ ಗೇಟ್‌ವೇಯನ್ನೇ ಹುಡುಕುತ್ತದೆ. ಅಂದರೆ ಸಂಚಾರ ರೂಟ್ ಆಗಿಯೇ ಹೋಗುತ್ತದೆ. ಬ್ರಿಡ್ಜ್‌ನಿಂದ ಸಿಕ್ಕ ಲಾಭ ಸೊನ್ನೆ, ಬ್ರಾಡ್‌ಕಾಸ್ಟ್ ಗಲಾಟೆ ಮಾತ್ರ ದುಪ್ಪಟ್ಟು. ಜೊತೆಗೆ ಎರಡು ಡಿಎಚ್‌ಸಿಪಿ ಸರ್ವರ್‌ಗಳು ಒಂದೇ ಅಂಗಳಕ್ಕೆ ಬಂದು ನಿಲ್ಲುತ್ತವೆ. ಯಾವುದು ಮೊದಲು ಉತ್ತರ ಕೊಟ್ಟಿತೋ ಅದರ ವಿಳಾಸ. ಸಿಬ್ಬಂದಿಯ ಫೋನಿಗೆ ಬೆಳಿಗ್ಗೆ 10ರ ಸಾಲಿನ ವಿಳಾಸ, ಮಧ್ಯಾಹ್ನ 20ರ ಸಾಲಿನದು ಬಂದರೆ ಅನುಮಾನಿಸಬೇಕಾದ್ದು ಇದನ್ನೇ.

ಬ್ರಿಡ್ಜ್ ಬಂದದ್ದು ಯಾಕೆ

ಈಥರ್ನೆಟ್ ಹುಟ್ಟಿದ್ದು 1973ರಲ್ಲಿ, ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ. ಎಂಬತ್ತರ ದಶಕದಲ್ಲಿ ಅದು ಕಟ್ಟಡದಿಂದ ಕಟ್ಟಡಕ್ಕೆ ಹಬ್ಬತೊಡಗಿದಾಗ ಎರಡು ಈಥರ್ನೆಟ್‌ಗಳನ್ನು ಯಾರಿಗೂ ತಿಳಿಯದಂತೆ ಒಂದು ಮಾಡುವ ಪೆಟ್ಟಿಗೆ ಬೇಕಾಯಿತು. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ ಬ್ರಿಡ್ಜ್ ರೂಪಿಸಿತು. ಕಂಪ್ಯೂಟರುಗಳಲ್ಲಿ ಏನನ್ನೂ ಬದಲಿಸಬೇಕಿರಲಿಲ್ಲ, ಅದೇ ಅದರ ಆಕರ್ಷಣೆ. ಆದರೆ ಈಥರ್ನೆಟ್ ಚೌಕಟ್ಟಿನಲ್ಲಿ ಟಿಟಿಎಲ್ ಇಲ್ಲ. ಜಾಲದಲ್ಲಿ ಒಂದು ಲೂಪ್ ಬಿದ್ದರೆ ಚೌಕಟ್ಟು ಸಾಯುವುದೇ ಇಲ್ಲ, ಸುತ್ತುತ್ತಲೇ ಇರುತ್ತದೆ, ಸುತ್ತುತ್ತ ಹೆಚ್ಚುತ್ತದೆ. 1 ಗಿಗಾಬಿಟ್ ಕೊಂಡಿಯೊಂದು 64 ಬೈಟ್‌ನ ಚಿಕ್ಕ ಚೌಕಟ್ಟುಗಳನ್ನು ಸೆಕೆಂಡಿಗೆ ಸುಮಾರು 14.88 ಲಕ್ಷ ಸಾಗಿಸಬಲ್ಲದು. ಲೂಪ್ ಬಿದ್ದಾಗ ಅಷ್ಟನ್ನೂ ಕಸವೇ ತುಂಬಿಕೊಳ್ಳುತ್ತದೆ. ಅದೇ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ 1985ರಲ್ಲಿ ಸ್ಪ್ಯಾನಿಂಗ್ ಟ್ರೀ ಕ್ರಮವನ್ನು ಪ್ರಕಟಿಸಿದ್ದು ಈ ಕಾರಣಕ್ಕೆ. ಬ್ರಿಡ್ಜ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಲೂಪ್ ಉಂಟುಮಾಡುವ ಪೋರ್ಟುಗಳನ್ನು ತಾವೇ ಮುಚ್ಚಿಕೊಳ್ಳುತ್ತವೆ. 1990ರಲ್ಲಿ ಇದು 802.1ಡಿ ಎಂಬ ಮಾನಕವಾಯಿತು.

ಅದೇ ವರ್ಷ ಸಿಲಿಕಾನ್ ವ್ಯಾಲಿಯ ಕಲ್ಪನಾ ಎಂಬ ಪುಟ್ಟ ಕಂಪನಿ ಈಥರ್ನೆಟ್ ಸ್ವಿಚ್ ಮಾರುಕಟ್ಟೆಗೆ ತಂದಿತು. ಭಾರತ ಮೂಲದ ವಿನೋದ್ ಭಾರದ್ವಾಜ್ ಅದರ ಸ್ಥಾಪಕರಲ್ಲೊಬ್ಬರು, ಕಂಪನಿಯ ಹೆಸರು ಅವರ ಹೆಂಡತಿಯದು. 1994ರಲ್ಲಿ ಸಿಸ್ಕೊ ಅದನ್ನು ಕೊಂಡಿತು. ಸ್ವಿಚ್ ಎಂದರೆ ಹಲವು ಪೋರ್ಟುಗಳ ಬ್ರಿಡ್ಜ್, ಬೇರೇನಲ್ಲ. ಒಂದೇ ಸ್ವಿಚ್‌ಗೆ ನೂರಾರು ಯಂತ್ರ ಸೇರಿಕೊಂಡಾಗ ಅದನ್ನು ಒಳಗೊಳಗೇ ತುಂಡರಿಸುವ ಅಗತ್ಯ ಬಂತು. ಒಂದೊಂದು ಕಂಪನಿಯೂ ತನ್ನದೇ ಟ್ಯಾಗ್ ಕಟ್ಟಿಕೊಂಡಿತು. ಸಿಸ್ಕೊದ ಐಎಸ್‌ಎಲ್ ಇಡೀ ಚೌಕಟ್ಟಿನ ಹಿಂದೆ ಮುಂದೆ ಒಟ್ಟು 30 ಬೈಟ್ ಸುತ್ತುತ್ತಿತ್ತು. 1998ರ 802.1ಕ್ಯು ಆ ಅವಾಂತರಕ್ಕೆ ಕೊನೆ ಹಾಡಿತು: 4 ಬೈಟ್‌ನ ಟ್ಯಾಗ್, ಅದರಲ್ಲಿ ವಿಲ್ಯಾನ್ ಸಂಖ್ಯೆಗೆ 12 ಬಿಟ್, ಬಳಸಬಹುದಾದ ವಿಲ್ಯಾನ್‌ಗಳು 4094.

ಈ ಹಿನ್ನೆಲೆ ಗೊತ್ತಿಲ್ಲದಿದ್ದರೆ ರೂಟರ್‌ನಲ್ಲಿ ಬ್ರಿಡ್ಜಿಂಗ್ ಯಾಕಿದೆ ಎಂಬುದೇ ಅರ್ಥವಾಗದು. ಆಗಿನ ಕಚೇರಿಗಳಲ್ಲಿ ಐಪಿ ಒಂದೇ ಇರಲಿಲ್ಲ. ಡಿಜಿಟಲ್‌ನ ಟರ್ಮಿನಲ್‌ಗಳು ಬಳಸುತ್ತಿದ್ದ ಲ್ಯಾಟ್, ವಿಂಡೋಸ್ ಯಂತ್ರಗಳ ನೆಟ್‌ಬ್ಯೂಯಿ, ಇವಕ್ಕೆ ಜಾಲದ ವಿಳಾಸ ಎಂಬ ಕಲ್ಪನೆಯೇ ಇಲ್ಲ, ಮ್ಯಾಕ್ ಮಾತ್ರ. ರೂಟ್ ಮಾಡೋಣವೆಂದರೆ ಹಿಡಿದುಕೊಳ್ಳಲು ಏನೂ ಇಲ್ಲ. ಹಾಗಾಗಿ ರೂಟರ್ ಐಪಿಯನ್ನು ರೂಟ್ ಮಾಡುತ್ತಲೇ ಇವುಗಳನ್ನು ಬ್ರಿಡ್ಜ್ ಮಾಡಬೇಕಿತ್ತು. ಆಗ ಹುಟ್ಟಿದ ಸೂತ್ರ ಈಗಲೂ ಈ ಕಸುಬಿನವರ ಬಾಯಲ್ಲಿದೆ: ಆದಷ್ಟು ರೂಟ್ ಮಾಡು, ಆಗದಿದ್ದರೆ ಬ್ರಿಡ್ಜ್ ಮಾಡು. ಲ್ಯಾಟ್, ನೆಟ್‌ಬ್ಯೂಯಿ ಎರಡೂ ಹೆಚ್ಚುಕಡಿಮೆ ಕಣ್ಮರೆಯಾಗಿವೆ. ಸೂತ್ರದ ಎರಡನೆಯ ಅರ್ಧಕ್ಕೆ ಉಳಿದಿರುವ ಕೆಲಸ ಬಹಳ ಕಡಿಮೆ.

ಬಾಸ್ಟನ್ನಿನ ನಾಲ್ಕು ದಿನ

ಬ್ರಿಡ್ಜ್‌ಗಳನ್ನು ಬೇಕಾಬಿಟ್ಟಿ ಹಿಗ್ಗಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಪ್ರಸಂಗವನ್ನು ಎಲ್ಲರೂ ಎತ್ತಿ ತೋರಿಸುತ್ತಾರೆ. ಎರಡು ಆಸ್ಪತ್ರೆಗಳು 1996ರಲ್ಲಿ ಒಂದಾಗಿ ಹುಟ್ಟಿದ ಸಂಸ್ಥೆ ಅದು. ಜಾಲವೂ ಹಾಗೆಯೇ ಒಂದಕ್ಕೊಂದು ಅಂಟಿಸುತ್ತ ಬೆಳೆದಿತ್ತು. ಮಾನಕದ ಟೈಮರ್‌ಗಳನ್ನು ಬದಲಿಸದೆ ಬಿಟ್ಟರೆ ಸ್ಪ್ಯಾನಿಂಗ್ ಟ್ರೀ ಒಂದು ತುದಿಯಿಂದ ಇನ್ನೊಂದು ತುದಿಗೆ 7 ಬ್ರಿಡ್ಜ್‌ಗಳ ಅಳತೆಗೆ ಹೊಂದಿಸಿದ್ದು. ಅಲ್ಲಿನ ಜಾಲ ಆ ಮಿತಿ ದಾಟಿತ್ತು. 2002ರ ನವೆಂಬರ್ 13ರಂದು ಸಂಶೋಧಕರೊಬ್ಬರ ದತ್ತಾಂಶ ಹಂಚಿಕೆಯ ತಂತ್ರಾಂಶ ಭಾರೀ ಸಂಚಾರ ಹರಿಬಿಟ್ಟಾಗ, ಸ್ವಿಚ್‌ಗಳ ನಡುವಿನ ಸ್ಪ್ಯಾನಿಂಗ್ ಟ್ರೀಯ ಸಣ್ಣ ನಿಯಂತ್ರಣ ಸಂದೇಶಗಳು ಹೊತ್ತಿಗೆ ಸರಿಯಾಗಿ ತಲುಪದೆ, ಮುಚ್ಚಿರಬೇಕಾದ ಪೋರ್ಟುಗಳು ತೆರೆದುಕೊಂಡವು. ಲೂಪ್ ಬಿತ್ತು. ಸುಮಾರು ನಾಲ್ಕು ದಿನ ಆಸ್ಪತ್ರೆ ಕಾಗದ, ಪೆನ್ನು, ಓಡಾಡುವ ಸಿಬ್ಬಂದಿಯನ್ನು ನಂಬಿ ನಡೆಯಿತು. ಮಾಹಿತಿ ತಂತ್ರಜ್ಞಾನದ ಹೊಣೆ ಹೊತ್ತಿದ್ದ ಜಾನ್ ಹಲಾಮ್ಕಾ ನಂತರ ಇದನ್ನು ಮುಚ್ಚಿಡದೆ ಬಹಿರಂಗವಾಗಿ ಹೇಳಿಕೊಂಡದ್ದರಿಂದ ಕಸುಬಿಗೆ ಒಂದು ಪಾಠಪುಸ್ತಕ ಸಿಕ್ಕಂತಾಯಿತು.

ಹದಿನೈದು ಯಂತ್ರಗಳ ಕಚೇರಿಗೆ ಈ ಉದಾಹರಣೆ ದೊಡ್ಡದಾಯಿತು ಎನ್ನಬಹುದು. ಇರಲಿ. ಆದರೆ ಮೇಜಿನ ಕೆಳಗೆ ಕಾಲಿಗೆ ಸಿಕ್ಕ ಕೇಬಲ್ಲಿನ ಎರಡೂ ತುದಿಯನ್ನು ಒಂದೇ ಅಗ್ಗದ ಸ್ವಿಚ್‌ಗೆ ಚುಚ್ಚಿ ಇಡೀ ಮಹಡಿಯ ನೆಟ್ ಹೋಗುವುದನ್ನು ನೋಡದ ಐಟಿ ಹುಡುಗರು ಕಡಿಮೆ. ನಡುವೆ ರೂಟ್ ಇದ್ದರೆ ಹೋಗುವುದು ಒಂದು ವಿಲ್ಯಾನ್. ಬ್ರಿಡ್ಜ್ ಇದ್ದರೆ ಎಲ್ಲವೂ.

ಒಂದೇ ಅಂಗ, ನಾಲ್ಕು ಹೆಸರು

ಈಗ ಕಾನ್ಫಿಗರೇಶನ್‌ಗೆ. ಬೆಂಗಳೂರಿನ ಯಾವ ಸಿಸಿಎನ್‌ಎ ತರಗತಿಗೆ ಹೋದರೂ ಪ್ಯಾಕೆಟ್ ಟ್ರೇಸರ್‌ನಲ್ಲಿ ಮಾಡಿಸುವ ಅಭ್ಯಾಸಗಳಲ್ಲಿ ರೂಟರ್ ಆನ್ ಎ ಸ್ಟಿಕ್ ಒಂದು. ರೂಟರ್‌ನ ಒಂದೇ ಪೋರ್ಟ್, ಅದಕ್ಕೆ ಸ್ವಿಚ್‌ನಿಂದ ಒಂದು ಟ್ರಂಕ್, ಪೋರ್ಟಿನ ಮೇಲೆ ವಿಲ್ಯಾನ್‌ಗೊಂದು ಸಬ್‌ಇಂಟರ್‌ಫೇಸ್, ಪ್ರತಿಯೊಂದಕ್ಕೂ ಡಾಟ್‌ಒನ್‌ಕ್ಯು ಸಂಖ್ಯೆ ಮತ್ತು ಐಪಿ ವಿಳಾಸ. ಮುಗಿಯಿತು. ಇದರ ಮಿತಿಯೂ ಕಣ್ಣೆದುರೇ ಇದೆ: ವಿಲ್ಯಾನ್‌ನಿಂದ ವಿಲ್ಯಾನ್‌ಗೆ ಹೋಗುವ ಪ್ರತಿಯೊಂದು ಪ್ಯಾಕೆಟ್ಟೂ ಅದೇ ಕೇಬಲ್ಲಿನಲ್ಲಿ ಬಂದು ಅದೇ ಕೇಬಲ್ಲಿನಲ್ಲಿ ಹೋಗಬೇಕು, ಹಾಗಾಗಿ ಪೋರ್ಟ್ 1 ಗಿಗಾಬಿಟ್ ಆದರೆ ಎಲ್ಲ ವಿಲ್ಯಾನ್‌ಗಳ ನಡುವಿನ ಒಟ್ಟು ಸಂಚಾರವೂ 1 ಗಿಗಾಬಿಟ್ ಮೀರದು. ರೂಟಿಂಗನ್ನೂ ತಾನೇ ಮಾಡುವ ಲೇಯರ್ 3 ಸ್ವಿಚ್ ಆ ಅಡಚಣೆಯನ್ನು ತೆಗೆಯುತ್ತದೆ. ಅಲ್ಲಿ ಸಬ್‌ಇಂಟರ್‌ಫೇಸ್ ಬದಲು ‘ಇಂಟರ್‌ಫೇಸ್ ವಿಲ್ಯಾನ್ 10’ ಎಂದು ಬರೆದು ವಿಳಾಸ ಕೊಡುತ್ತೇವೆ, ‘ಐಪಿ ರೂಟಿಂಗ್’ ಆಜ್ಞೆಯನ್ನೂ ಕೊಡುತ್ತೇವೆ. ಆ ವಿಲ್ಯಾನ್‌ನ ಒಂದಾದರೂ ಪೋರ್ಟ್ ಜೀವಂತವಾಗಿ ಚೌಕಟ್ಟು ಸಾಗಿಸುವ ಸ್ಥಿತಿಗೆ ಬರುವವರೆಗೆ ಆ ಇಂಟರ್‌ಫೇಸ್ ಮೇಲೇಳುವುದಿಲ್ಲ. ಖಾಲಿ ವಿಲ್ಯಾನ್‌ಗೆ ವಿಳಾಸ ಕೊಟ್ಟು, ಪಿಂಗ್ ಬರುತ್ತಿಲ್ಲವೆಂದು ಅರ್ಧ ದಿನ ಕಳೆಯುವವರು ಮರೆಯುವುದು ಇದನ್ನೇ.

ಸಿಸ್ಕೊದಲ್ಲಿ ಬ್ರಿಡ್ಜ್ ಮತ್ತು ರೂಟ್ ಎರಡನ್ನೂ ಬೆರೆಸುವ ವಿದ್ಯೆ ತೊಂಬತ್ತರ ದಶಕದ ನಡುವೆ ಎರಡು ಹಂತದಲ್ಲಿ ಬಂತು. ಐಒಎಸ್ 11.0ರ ಸಿಆರ್‌ಬಿಯಲ್ಲಿ ಒಂದೇ ರೂಟರ್‌ನ ಕೆಲವು ಪೋರ್ಟುಗಳಲ್ಲಿ ಐಪಿಯನ್ನು ಬ್ರಿಡ್ಜ್ ಮಾಡಬಹುದಿತ್ತು, ಕೆಲವುಗಳಲ್ಲಿ ರೂಟ್ ಮಾಡಬಹುದಿತ್ತು. ಆ ಗುಂಪಿನಿಂದ ಈ ಗುಂಪಿಗೆ ಮಾತ್ರ ದಾಟುವ ಹಾಗಿರಲಿಲ್ಲ. 11.2ರ ಐಆರ್‌ಬಿ ಆ ಕೊರತೆ ತುಂಬಿತು, ಬಿವಿಐ ಎಂಬ ಕಾಲ್ಪನಿಕ ಇಂಟರ್‌ಫೇಸ್ ಮೂಲಕ. ಬ್ರಿಡ್ಜ್ ಗುಂಪು 1 ಇದ್ದರೆ ಬಿವಿಐ 1. ಗುಂಪಿನ ಸಬ್‌ಇಂಟರ್‌ಫೇಸ್‌ಗಳಿಂದ ಐಪಿ ವಿಳಾಸ ತೆಗೆದು ಬಿವಿಐಗೆ ಕೊಡಬೇಕು. ಆಮೇಲೆ ಜನ ಮರೆಯುವ ಸಾಲು ಬರುತ್ತದೆ: ‘ಬ್ರಿಡ್ಜ್ 1 ರೂಟ್ ಐಪಿ’. ಐಆರ್‌ಬಿ ಚಾಲೂ ಮಾಡಿದರೆ ಗುಂಪಿನೊಳಗೆ ಎಲ್ಲವೂ ಬ್ರಿಡ್ಜ್ ಆಗುವುದೇ ಮೊದಲ ಸ್ಥಿತಿ. ಆ ಸಾಲಿಲ್ಲದೆ ಬಿವಿಐಗೆ ವಿಳಾಸ ಕೊಟ್ಟರೂ ಅದು ಮೂಕ.

ಬಿವಿಐ ಎಂದರೇನು? ಬ್ರಿಡ್ಜ್‌ಗೆ ರೂಟರ್ ತಾನೇ ಚುಚ್ಚಿಕೊಂಡ ಕಣ್ಣಿಗೆ ಕಾಣದ ಕೇಬಲ್. ಇಷ್ಟು ಹಿಡಿದರೆ ಉಳಿದ ವ್ಯವಸ್ಥೆಗಳೆಲ್ಲ ಸಲೀಸು. ಲೇಯರ್ 3 ಸ್ವಿಚ್‌ನ ‘ಇಂಟರ್‌ಫೇಸ್ ವಿಲ್ಯಾನ್’ ಅದೇ. ಲಿನಕ್ಸ್‌ನಲ್ಲಿ ಬ್ರಿಡ್ಜ್‌ನ ಹೆಸರೇ (ಸಾಮಾನ್ಯವಾಗಿ ಬಿಆರ್‌ಸೊನ್ನೆ) ಆ ಕೇಬಲ್; 2013ರ 3.9ನೇ ಕರ್ನೆಲ್‌ನಿಂದ ಒಂದೇ ಬ್ರಿಡ್ಜ್ ಹಲವು ವಿಲ್ಯಾನ್‌ಗಳನ್ನು ಬೇರೆಬೇರೆಯಾಗಿ ನೋಡಿಕೊಳ್ಳಬಲ್ಲದು. ಆದರೆ ಪೋರ್ಟುಗಳಿಗೆ ವಿಲ್ಯಾನ್ 10 ಸೇರಿಸಿದ ಮೇಲೆ ಬ್ರಿಡ್ಜ್‌ಗೂ ‘ಸೆಲ್ಫ್’ ಎಂಬ ಪದ ಹಾಕಿ ಅದನ್ನೇ ಸೇರಿಸಬೇಕು. ಪೋರ್ಟುಗಳು ಪರಸ್ಪರ ಮಾತಾಡಿಕೊಳ್ಳುತ್ತಿವೆ, ಗೇಟ್‌ವೇ ಮಾತ್ರ ಪಿಂಗ್ ಆಗುತ್ತಿಲ್ಲ ಎಂದರೆ ತೊಂಬತ್ತು ಪಾಲು ಆ ‘ಸೆಲ್ಫ್’ ಬಿಟ್ಟುಹೋಗಿದೆ. ಓಪನ್‌ಡಬ್ಲ್ಯುಆರ್‌ಟಿ 2021ರ 21.02 ಆವೃತ್ತಿಯಲ್ಲಿ ಹಳೆಯ ಸ್ವಿಚ್ ಮೆನುವನ್ನು ಬಿಟ್ಟು ಡಿಎಸ್‌ಎ ಪದ್ಧತಿಗೆ ಹೊರಳತೊಡಗಿದಾಗ ಬಹಳ ಜನ ಗಲಿಬಿಲಿಗೊಂಡದ್ದೂ ಇಲ್ಲೇ. ಹಳೆಯ ಮೆನುವಿನಲ್ಲಿ ‘ಸಿಪಿಯು’ ಎಂಬ ಒಂದು ಕಂಬವಿತ್ತು, ಅದಕ್ಕೆ ಟ್ಯಾಗ್ ಕೊಟ್ಟರೆ ಸಾಕಿತ್ತು. ಹೊಸದರಲ್ಲಿ ಆ ಕಂಬ ಮಾಯವಾಗಿ ಬ್ರಿಡ್ಜ್‌ನ ಒಂದು ಚೌಕದೊಳಗೆ ಅಡಗಿತು.

ಮೈಕ್ರೊಟಿಕ್‌ನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಲಾಟ್ವಿಯಾದ ರೀಗಾ ಮೂಲದ ಕಂಪನಿಯ ಈ ಪೆಟ್ಟಿಗೆಗಳು ನಮ್ಮ ಸಣ್ಣ ಕೇಬಲ್ ಇಂಟರ್ನೆಟ್ ಆಪರೇಟರ್‌ಗಳ ರ್‍ಯಾಕ್‌ಗಳಲ್ಲಿ ಸಾಮಾನ್ಯ. 2017ರ ಕೊನೆಯಲ್ಲಿ ಬಂದ ರೂಟರ್‌ಒಎಸ್ 6.41 ಹಳೆಯ ಮಾಸ್ಟರ್ ಪೋರ್ಟ್ ಪದ್ಧತಿಯನ್ನು ತೆಗೆದು ಎಲ್ಲವನ್ನೂ ಬ್ರಿಡ್ಜ್‌ನೊಳಗೆ ತಂದಿತು. ಐದು ಪೋರ್ಟ್‌ನ ಪೆಟ್ಟಿಗೆಯೊಂದನ್ನು ತೆಗೆದುಕೊಳ್ಳಿ. ಒಂದನೆಯದು ಇಂಟರ್ನೆಟ್‌ಗೆ. ಎರಡನೆಯದು ಸ್ವಿಚ್‌ಗೆ ಹೋಗುವ ಟ್ರಂಕ್. ಮೂರು ವಿಲ್ಯಾನ್ 10ಕ್ಕೆ, ನಾಲ್ಕು ವಿಲ್ಯಾನ್ 20ಕ್ಕೆ. ಐದನೆಯದನ್ನು ಬ್ರಿಡ್ಜ್‌ನಿಂದ ಹೊರಗಿಟ್ಟು ಬೇರೆ ವಿಳಾಸ ಕೊಟ್ಟಿಡಿ. ಸಿಕ್ಕಿಹಾಕಿಕೊಂಡಾಗ ಒಳಗೆ ಹೋಗುವ ಹಿತ್ತಿಲ ಬಾಗಿಲು ಅದು. ಬ್ರಿಡ್ಜ್ ಒಂದೇ ಮಾಡಿ, ವಿಲ್ಯಾನ್ ಫಿಲ್ಟರಿಂಗ್ ಸದ್ಯಕ್ಕೆ ಬೇಡ. ಮೂರನೇ ಪೋರ್ಟಿಗೆ ಪಿವಿಐಡಿ (ಟ್ಯಾಗ್ ಇಲ್ಲದೆ ಬರುವ ಚೌಕಟ್ಟು ಸೇರಬೇಕಾದ ವಿಲ್ಯಾನ್) 10, ನಾಲ್ಕಕ್ಕೆ 20. ಬ್ರಿಡ್ಜ್‌ನ ವಿಲ್ಯಾನ್ ಪಟ್ಟಿಯಲ್ಲಿ 10ಕ್ಕೂ 20ಕ್ಕೂ ಟ್ಯಾಗ್ಡ್ ಜಾಗದಲ್ಲಿ ಎರಡನೇ ಪೋರ್ಟಿನ ಜೊತೆ ಬ್ರಿಡ್ಜ್‌ನ ಹೆಸರನ್ನೂ ಬರೆಯಿರಿ. ಇಲ್ಲಿನ ‘ಸೆಲ್ಫ್’ ಅದೇ. ನಂತರ ಬ್ರಿಡ್ಜ್‌ನ ಮೇಲೆ (ಪೋರ್ಟಿನ ಮೇಲಲ್ಲ) ವಿಲ್ಯಾನ್ 10 ಮತ್ತು 20ರ ಇಂಟರ್‌ಫೇಸ್‌ಗಳು, ಅವುಗಳಿಗೆ 192.168.10.1 ಮತ್ತು 192.168.20.1, ಒಂದೊಂದಕ್ಕೂ ಡಿಎಚ್‌ಸಿಪಿ. ಎಲ್ಲ ಆದ ಮೇಲೆ ಟರ್ಮಿನಲ್‌ನಲ್ಲಿ ಕಂಟ್ರೋಲ್ ಹಿಡಿದು ಎಕ್ಸ್ ಒತ್ತಿ ಸೇಫ್ ಮೋಡ್‌ಗೆ ಹೋಗಿ, ಆಗ ಫಿಲ್ಟರಿಂಗ್ ಚಾಲೂ ಮಾಡಿ. ಸಂಪರ್ಕ ಕಡಿದುಹೋದರೆ ಪೆಟ್ಟಿಗೆ ತಾನಾಗಿ ಹಿಂದಿನ ಸ್ಥಿತಿಗೆ ಮರಳುತ್ತದೆ.

ಈ ಪೆಟ್ಟಿಗೆಯಲ್ಲಿ ಪದೇಪದೇ ಕಾಣುವ ಎಡವಟ್ಟು, ಎರಡನೇ ಪೋರ್ಟಿನ ಮೇಲೆ ವಿಲ್ಯಾನ್ 10 ಇಂಟರ್‌ಫೇಸ್ ಮಾಡಿ ಅದನ್ನು ಮೂರನೇ ಪೋರ್ಟಿನ ಜೊತೆ ಒಂದು ಬ್ರಿಡ್ಜ್‌ಗೆ ಹಾಕುವುದು, 20ಕ್ಕೆ ಇನ್ನೊಂದು ಬ್ರಿಡ್ಜ್ ಕಟ್ಟುವುದು. ಕೆಲಸ ಮಾಡಿದಂತೆ ಕಾಣುತ್ತದೆ. ಆದರೆ ಬ್ರಿಡ್ಜ್‌ನ ಸ್ಪ್ಯಾನಿಂಗ್ ಟ್ರೀ ಸಂದೇಶಗಳಿಗೂ ವಿಲ್ಯಾನ್ ಟ್ಯಾಗ್ ಬಿದ್ದು ಎದುರಿನ ಸ್ವಿಚ್ ಅವನ್ನು ಅರ್ಥಮಾಡಿಕೊಳ್ಳದೆ ಹೋಗಬಹುದು, ಸ್ವಿಚ್ ಚಿಪ್ ಮಾಡಬೇಕಾದ ಕೆಲಸ ಪ್ರೊಸೆಸರ್‌ನ ತಲೆಗೆ ಬರುತ್ತದೆ. ಒಂದೇ ಬ್ರಿಡ್ಜ್, ಅದರೊಳಗೆ ಹಲವು ವಿಲ್ಯಾನ್: ಇದೇ ದಾರಿ. ಫಿಲ್ಟರಿಂಗನ್ನು ಚಿಪ್‌ನಲ್ಲೇ ಮಾಡುವ ಸಾಮರ್ಥ್ಯ ಎಲ್ಲ ಮಾದರಿಗಳಿಗೂ ಇಲ್ಲವೆಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳುವುದು ಲೇಸು.

ಬೇಲಿ ಯಾವುದು

ವಿಲ್ಯಾನ್ ಹಾಕಿದರೆ ಭದ್ರ ಎಂಬ ನಂಬಿಕೆ ಬಲವಾಗಿದೆ. ಮೇಲಿನ ಮೈಕ್ರೊಟಿಕ್ ಉದಾಹರಣೆಯನ್ನೇ ನೋಡಿ: ಎರಡು ವಿಲ್ಯಾನ್‌ಗಳಿಗೆ ವಿಳಾಸ ಕೊಟ್ಟ ಕ್ಷಣವೇ ರೂಟರ್‌ಗೆ ಎರಡೂ ಸಬ್‌ನೆಟ್‌ಗಳ ದಾರಿ ಗೊತ್ತು. ಕೇಳದೆಯೇ ಅದು ಒಂದರಿಂದ ಒಂದಕ್ಕೆ ದಾಟಿಸುತ್ತದೆ. ಕ್ಯಾಮೆರಾಗಳ ವಿಲ್ಯಾನ್‌ನಿಂದ ಲೆಕ್ಕಪತ್ರದ ಕಂಪ್ಯೂಟರ್‌ಗೆ ನೇರ ದಾರಿ. ತಡೆಯುವುದು ಫೈರ್‌ವಾಲ್ ನಿಯಮ, ವಿಲ್ಯಾನ್ ಅಲ್ಲ. ಆದರೂ ರೂಟ್ ಮಾಡಿದಾಗ ಕನಿಷ್ಠ ಪಕ್ಷ ತಡೆಯಲು ಒಂದು ಗಡಿ ಇರುತ್ತದೆ. ಬ್ರಿಡ್ಜ್ ಮಾಡಿದಾಗ ಐಪಿ ಫೈರ್‌ವಾಲ್‌ನ ಕಣ್ಣಿಗೆ ಆ ಸಂಚಾರ ಬೀಳುವುದೇ ಇಲ್ಲ. ಮೈಕ್ರೊಟಿಕ್‌ನಲ್ಲಿ ಬ್ರಿಡ್ಜ್ ಸೆಟ್ಟಿಂಗ್‌ನಲ್ಲೊಂದು ಗುಂಡಿ ಒತ್ತಿ, ಲಿನಕ್ಸ್‌ನಲ್ಲಿ ಬಿಆರ್‌ನೆಟ್‌ಫಿಲ್ಟರ್ ಮಾಡ್ಯೂಲ್ ಹಾಕಿ ಕಾಣುವಂತೆ ಮಾಡಬಹುದು. ಆದರೆ ಆ ಮಾಡ್ಯೂಲ್ ಯಾರೋ ಕುಬರ್ನೆಟಿಸ್ ಹಾಕುವಾಗ ಚಾಲೂ ಆಗಿ, ಅದೇ ಯಂತ್ರದ ಬೇರೆ ಬ್ರಿಡ್ಜ್‌ಗಳ ಸಂಚಾರ ಇದ್ದಕ್ಕಿದ್ದಂತೆ ನಿಂತಾಗ ಕಾರಣ ಹುಡುಕುವುದು ಸುಲಭವಲ್ಲ.

ಸಿಸ್ಕೊ ಸ್ವಿಚ್‌ಗಳಿರುವ ಜಾಲದಲ್ಲಿ ಎರಡು ವಿಲ್ಯಾನ್‌ಗಳನ್ನು ಬ್ರಿಡ್ಜ್ ಮಾಡುವವರಿಗೆ ಇನ್ನೊಂದು ಗುದ್ದು ಕಾದಿರುತ್ತದೆ. ಪಿವಿಎಸ್‌ಟಿ ಪ್ಲಸ್ ಕ್ರಮದಲ್ಲಿ ಪ್ರತಿ ವಿಲ್ಯಾನ್‌ಗೂ ಬೇರೆ ಸ್ಪ್ಯಾನಿಂಗ್ ಟ್ರೀ, ಅದರ ಸಂದೇಶದೊಳಗೆ ಹುಟ್ಟಿದ ವಿಲ್ಯಾನ್‌ನ ಸಂಖ್ಯೆಯೂ ಇರುತ್ತದೆ. 10ರ ಸಂದೇಶ ಬ್ರಿಡ್ಜ್ ದಾಟಿ 20ರಲ್ಲಿ ಬಂದಾಗ ಸಂಖ್ಯೆ ತಾಳೆಯಾಗದ್ದರಿಂದ ಸ್ವಿಚ್ ಆ ಪೋರ್ಟಿನಲ್ಲಿ ವಿಲ್ಯಾನ್ ಅನ್ನೇ ತಡೆದು ನಿಲ್ಲಿಸುತ್ತದೆ. ಲಾಗ್‌ನಲ್ಲಿ ಪಿವಿಐಡಿ ಹೊಂದುತ್ತಿಲ್ಲ ಎಂಬ ಒಂದು ಸಾಲು. ಸಂದೇಶಗಳನ್ನು ದಾಟಿಸದೆ ತಡೆಹಿಡಿದರೆ ದೂರು ನಿಲ್ಲುತ್ತದೆ, ಲೂಪ್ ಪತ್ತೆ ಮಾಡುವ ಕಣ್ಣೂ ಮುಚ್ಚುತ್ತದೆ. ಎರಡರಲ್ಲಿ ಯಾವುದೂ ಒಳ್ಳೆಯ ಆಯ್ಕೆಯಲ್ಲ.

ಬ್ರಿಡ್ಜ್‌ಗೂ ಕಾಲ ಬರುತ್ತದೆ

ವಿದ್ಯುತ್ ಉಪಕೇಂದ್ರಗಳಲ್ಲಿ ಐಇಸಿ 61850 ಮಾನಕದ ಗೂಸ್ ಸಂದೇಶಗಳು ಸರ್ಕ್ಯೂಟ್ ಬ್ರೇಕರ್‌ಗೆ ‘ಬೀಳು’ ಎಂದು ಹೇಳುವುದು ನೇರವಾಗಿ ಈಥರ್ನೆಟ್ ಚೌಕಟ್ಟಿನಲ್ಲಿ. ಅಲ್ಲಿ ಐಪಿಯೇ ಇಲ್ಲ. ಕಾರ್ಖಾನೆಗಳ ಪ್ರೊಫಿನೆಟ್ ತುರ್ತು ಸಂಚಾರವೂ ಹಾಗೆಯೇ. ಇವನ್ನು ರೂಟ್ ಮಾಡಲು ಬರುವುದಿಲ್ಲ. ಎರಡು ವಿಲ್ಯಾನ್‌ಗಳ ನಡುವೆ ಪಾರದರ್ಶಕ ಫೈರ್‌ವಾಲ್ ಇಡುವಾಗಲೂ ಬ್ರಿಡ್ಜ್ ಬೇಕು: ಒಂದೇ ಸಬ್‌ನೆಟ್, ಒಳಗಡೆ ಒಂದು ವಿಲ್ಯಾನ್ ಸಂಖ್ಯೆ, ಹೊರಗಡೆ ಇನ್ನೊಂದು, ನಡುವೆ ಕಾವಲು. ಸರ್ವರ್‌ಗಳ ವಿಳಾಸ ಬದಲಿಸದೆ ಕಾವಲು ಕೂರಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಹಳೆಯ ಜಾಲದಿಂದ ಹೊಸದಕ್ಕೆ ಯಂತ್ರಗಳನ್ನು ಒಂದೊಂದಾಗಿ ಸಾಗಿಸುವ ವಾರಗಳಲ್ಲೂ ತಾತ್ಕಾಲಿಕ ಬ್ರಿಡ್ಜ್ ನ್ಯಾಯವೇ. ತಾತ್ಕಾಲಿಕ ಎಂಬ ಮಾತು ನಿಜವಾಗಿಯೂ ತಾತ್ಕಾಲಿಕವಾಗಿದ್ದರೆ.

ಮನೆಯ ಫೈಬರ್ ಪೆಟ್ಟಿಗೆಯನ್ನು ‘ಬ್ರಿಡ್ಜ್ ಮೋಡ್’ಗೆ ಹಾಕಿಸಿಕೊಳ್ಳುವುದು ಇದೇ ಸಾಲಿನದು. ಸೇವಾದಾತರ ವಿಲ್ಯಾನ್ ಅನ್ನು ಪೆಟ್ಟಿಗೆ ನಮ್ಮ ರೂಟರ್‌ವರೆಗೂ ಹಾಗೇ ತಂದುಕೊಡುತ್ತದೆ, ಪಿಪಿಪಿಒಇ ಲಾಗಿನ್ ನಮ್ಮ ರೂಟರ್‌ನಲ್ಲೇ ಆಗುತ್ತದೆ. ಇಲ್ಲಿ ಬ್ರಿಡ್ಜ್ ಮಾಡುತ್ತಿರುವುದು ಒಂದೇ ವಿಲ್ಯಾನ್‌ನ ಎರಡು ತುದಿಗಳನ್ನು, ಎರಡು ವಿಲ್ಯಾನ್‌ಗಳನ್ನಲ್ಲ. ಪಿಪಿಪಿಒಇಯ 8 ಬೈಟ್ ಕಳೆದು ಎಂಟಿಯು 1492ಕ್ಕೆ ಇಳಿಯುವುದನ್ನು ನೆನಪಿಟ್ಟರೆ ಸಾಕು.

ಇಷ್ಟನ್ನು ಬಿಟ್ಟರೆ ಬ್ರಿಡ್ಜ್ ಕೇಳುವವರಿಗೆ ನಿಜವಾಗಿ ಬೇಕಿರುವುದು ಬೇರೆ. ಪ್ರಿಂಟರ್‌ಗೆ ಮರಳೋಣ. ರೂಟಿಂಗ್ ಇದ್ದರೂ ಅದು ಲ್ಯಾಪ್‌ಟಾಪಿಗೆ ‘ಕಾಣುವುದಿಲ್ಲ’ ಏಕೆಂದರೆ ಪ್ರಿಂಟರ್ ತನ್ನ ಇರವನ್ನು ಸಾರುವುದು ಎಂಡಿಎನ್‌ಎಸ್ ಮೂಲಕ, 224.0.0.251 ಎಂಬ ಗುಂಪು ವಿಳಾಸಕ್ಕೆ. 224.0.0ರಿಂದ ಶುರುವಾಗುವ ಆ ಸಾಲಿನ ವಿಳಾಸಗಳನ್ನು ಯಾವ ರೂಟರೂ ಮುಂದಕ್ಕೆ ಕಳಿಸುವಂತಿಲ್ಲ. ಐಪಿ ಬರೆದು ಕೈಯಿಂದ ಸೇರಿಸಿದರೆ ಅದೇ ಪ್ರಿಂಟರ್ ಅಚ್ಚುಕಟ್ಟಾಗಿ ಪ್ರಿಂಟ್ ಮಾಡುತ್ತದೆ. ತಾನಾಗಿಯೇ ಕಾಣಬೇಕೆಂದರೆ ಅವಾಹಿಯ ರಿಫ್ಲೆಕ್ಟರ್‌ನಂಥ ಒಂದು ಪುಟ್ಟ ಸೇವೆ ಆ ಸಾರುವಿಕೆಯನ್ನಷ್ಟೇ ಎರಡೂ ಕಡೆ ಪುನರುಚ್ಚರಿಸುತ್ತದೆ. ಡಿಎಚ್‌ಸಿಪಿ ಸರ್ವರ್ ಒಂದೇ ಇದ್ದು ವಿಲ್ಯಾನ್ ಹಲವಾದರೆ ರಿಲೇ ಇದೆ, ಸಿಸ್ಕೊದಲ್ಲಿ ಅದು ‘ಐಪಿ ಹೆಲ್ಪರ್ ಅಡ್ರೆಸ್’. ಒಂದು ಬಗೆಯ ಸಂದೇಶ ದಾಟಬೇಕಿದ್ದರೆ ಅದನ್ನು ಮಾತ್ರ ದಾಟಿಸುವುದು ಜಾಣತನ. ಅದಕ್ಕಾಗಿ ಆರ್ಪ್‌ನಿಂದ ಹಿಡಿದು ವೈರಸ್ ಹಿಡಿದ ಯಂತ್ರದ ಅರಚಾಟದವರೆಗೆ ಎಲ್ಲವನ್ನೂ ಬಿಡುವುದಲ್ಲ. ವೈಫೈ ಇರುವಲ್ಲಿ ಇದು ಇನ್ನೂ ಮುಖ್ಯ. ಬ್ರಾಡ್‌ಕಾಸ್ಟ್ ಚೌಕಟ್ಟುಗಳು ಗಾಳಿಯಲ್ಲಿ ಹೋಗುವುದು ಕಡಿಮೆ ವೇಗದ ದರದಲ್ಲಿ, ಅಷ್ಟು ಹೊತ್ತು ಉಳಿದವರು ಕಾಯಬೇಕು.

ದೊಡ್ಡ ಡೇಟಾ ಸೆಂಟರ್‌ಗಳು ಈ ಜಗಳವನ್ನು ಬೇರೆ ಮಜಲಿಗೆ ಒಯ್ದಿವೆ. 4094 ಸಾಲದೆ 2014ರಲ್ಲಿ ವಿಎಕ್ಸ್‌ಲ್ಯಾನ್ ಬಂತು, 24 ಬಿಟ್‌ನ ಸಂಖ್ಯೆ, ಒಂದೂವರೆ ಕೋಟಿಗೂ ಮಿಕ್ಕಿದ ವಿಭಾಗಗಳು. ಹೊರನೋಟಕ್ಕೆ ಅದು ಹಿಗ್ಗಿಸಿದ ಬ್ರಿಡ್ಜ್, ಅಡಿಯಲ್ಲಿ ಓಡುವುದು ಅಪ್ಪಟ ರೂಟಿಂಗ್. ಇವಿಪಿಎನ್ ಜೊತೆ ಸೇರಿದಾಗ ವಿಭಾಗಗಳ ನಡುವೆ ದಾಟಿಸುವ ಕ್ರಮವನ್ನು 2021ರ ಆರ್‌ಎಫ್‌ಸಿ 9135 ವಿವರಿಸುತ್ತದೆ. ಅದರ ಹೆಸರು ಮತ್ತೆ ಐಆರ್‌ಬಿಯೇ. ಪರ್ಲ್‌ಮನ್ ಕೂಡ ತಮ್ಮ ಸ್ಪ್ಯಾನಿಂಗ್ ಟ್ರೀಗೆ ಬದಲಿಯಾಗಿ ಟ್ರಿಲ್ ಎಂಬ, ಚೌಕಟ್ಟುಗಳನ್ನೇ ರೂಟ್ ಮಾಡುವ ಪದ್ಧತಿಯನ್ನು ಮುಂದಿಟ್ಟಿದ್ದರು. ಅದು ಬೇರೂರಲಿಲ್ಲ.

ಹಾಗಾದರೆ ವಾದ ರೂಟಿಂಗ್‌ನ ಪರವಾಗಿ ಇತ್ಯರ್ಥವಾಯಿತೇ ಎಂದರೆ, ಐಪಿವಿ6 ಬಂದು ಕಡತವನ್ನು ಮತ್ತೆ ತೆರೆದಿದೆ. ಅದರಲ್ಲಿ ಯಂತ್ರಗಳು ತಾವೇ ವಿಳಾಸ ಕಟ್ಟಿಕೊಳ್ಳಬೇಕಾದರೆ ಪ್ರತಿ ವಿಲ್ಯಾನ್‌ಗೂ ಒಂದು ಪೂರ್ತಿ /64 ಬೇಕು. ಮನೆಗಳಿಗೂ ಒಂದಕ್ಕಿಂತ ಹೆಚ್ಚು /64 ಸಿಗುವಂತಿರಬೇಕೆಂದು 2011ರ ಆರ್‌ಎಫ್‌ಸಿ 6177 ಸಲಹೆ ಕೊಟ್ಟಿದೆ. ಆದರೂ ಗ್ರಾಹಕನಿಗೆ ಒಂದೇ ಒಂದು /64 ಕೊಟ್ಟು ಕೈತೊಳೆದುಕೊಳ್ಳುವ ಸೇವಾದಾತರಿದ್ದಾರೆ. ಅಂಥ ಸಂಪರ್ಕ ಇಟ್ಟುಕೊಂಡು ಅತಿಥಿಗಳಿಗೆ ಒಂದು, ಮನೆಯವರಿಗೆ ಒಂದು, ಕ್ಯಾಮೆರಾಗಳಿಗೆ ಒಂದು ಎಂದು ವಿಲ್ಯಾನ್ ಮಾಡಿದವರ ಮುಂದೆ ಉಳಿಯುವ ದಾರಿಗಳು ಕೆಲವೇ. ಒಂದು ವಿಲ್ಯಾನ್‌ಗೆ ಮಾತ್ರ ಐಪಿವಿ6 ಕೊಟ್ಟು ಉಳಿದವನ್ನು ಐಪಿವಿ4ರಲ್ಲೇ ಬಿಡಬಹುದು, ಹೆಚ್ಚಿನವರು ಮಾಡುವುದು ಇದನ್ನೇ. ನೆರೆಹೊರೆ ಪ್ರಾಕ್ಸಿ ಹಾಕಿ ಒಂದೇ /64 ಅನ್ನು ಹಂಚಿಕೊಳ್ಳಬಹುದು. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಅದಕ್ಕೆ ರಿಲೇ ಮೋಡ್ ಇದೆ, ಆದರೆ ಅದನ್ನು ನೆಟ್ಟಗೆ ನಿಲ್ಲಿಸುವುದು ತಾಳ್ಮೆಯ ಕೆಲಸ. ಇಲ್ಲವೇ ಐಪಿವಿ6 ಚೌಕಟ್ಟುಗಳನ್ನಷ್ಟೇ ವಿಲ್ಯಾನ್‌ಗಳ ನಡುವೆ ಬ್ರಿಡ್ಜ್ ಮಾಡಿ, ಐಪಿವಿ4 ಅನ್ನು ರೂಟ್ ಮಾಡಬಹುದು. ಲ್ಯಾಟ್ ಮತ್ತು ನೆಟ್‌ಬ್ಯೂಯಿಗಾಗಿ ಮೂವತ್ತು ವರ್ಷದ ಹಿಂದೆ ಮಾಡಿದ ಏರ್ಪಾಡನ್ನೇ ಈಗ ಎಲ್ಲಕ್ಕಿಂತ ಹೊಸ ಪ್ರೊಟೊಕಾಲ್‌ಗೆ ಮಾಡಬೇಕಾದೀತು. ನನಗೆ ಈ ಕೊನೆಯದು ಒಪ್ಪಿಗೆಯಿಲ್ಲ. ಸೇವಾದಾತರಿಗೆ ಫೋನ್ ಮಾಡಿ /56 ಕೇಳುವುದು ಮೊದಲ ಹೆಜ್ಜೆ, ಸಿಗದಿದ್ದರೆ ಅತಿಥಿಗಳ ವಿಲ್ಯಾನ್‌ಗೆ ಐಪಿವಿ4 ಸಾಕು.